ಉಪ್ಪಿನಪಟ್ಟಣದಿಂದ ಕೆರವಡಿಗೆ: ಸಣ್ಣ ದೋಣಿಯೊಂದಿಗೆ ನಾಲ್ಕು ದಿನ

ಶಿರಸಿಯ ನಮಗೆ ಹೊಳೆ ಎಂದರೆ ಬಹುಮಟ್ಟಿಗೆ ಮೇಲೆ ನಿಂತು ನೋಡುವ ವಸ್ತು. ನಮ್ಮೂರ ಶಂಕರಹೊಂಡದಲ್ಲಿ ಹುಟ್ಟುವ ಅಘನಾಶಿನಿಯು ಉಂಚಳ್ಳಿಯಲ್ಲಿ 116 ಮೀಟರ್ ಕೆಳಕ್ಕೆ ಹುಡಿಯಾಗಿ ಬೀಳುವುದನ್ನು ಕಂಬಿ ಹಿಡಿದು ನೋಡಿ, ಸಂಜೆಯೊಳಗೆ ಮನೆಗೆ ಮರಳುತ್ತೇವೆ. ಅದೇ ನೀರು ಘಟ್ಟದ ಬುಡ ಮುಟ್ಟಿದ ಮೇಲೆ ಹೇಗೆ ಅಗಲವಾಗಿ, ನಿಧಾನವಾಗಿ, ದೋಣಿ ಹೊರುವ ಹೊಳೆಯಾಗುತ್ತದೆ ಎಂಬುದನ್ನು ದೋಣಿಯಲ್ಲಿ ಕುಳಿತೇ ನೋಡಬೇಕೆಂಬ ಆಸೆ ನನಗೆ ಮೊದಲಿನಿಂದಲೂ ಇತ್ತು. ಮೂರು ವರ್ಷಗಳ ಹಿಂದೆ ನಾನೂ ನನ್ನ ಹೆಂಡತಿಯ ಅಣ್ಣನೂ ಸೇರಿ 12 ಅಡಿಯ ಹಳೆಯ ಫೈಬರ್ ದೋಣಿಯೊಂದನ್ನು, ಅದರ ಜೊತೆಗೆ 5 ಎಚ್‌ಪಿಯ ಎರಡು ಸ್ಟ್ರೋಕಿನ ಎಂಜಿನ್ನೊಂದನ್ನು ಕೊಂಡಿದ್ದೆವು. ಅಂದಿನಿಂದ ಅದು ಬನವಾಸಿ ಕಡೆಯ ಕೆರೆಗಳಲ್ಲಿ ರೋಹು, ಕಾಟ್ಲಾಗಳಿಗಾಗಿ ತೇಲಿದ್ದೇ ಹೆಚ್ಚು. ಕಳೆದ ಡಿಸೆಂಬರಿನಲ್ಲಿ ನಾಲ್ಕು ದಿನ ಬಿಡುವು ಮಾಡಿಕೊಂಡು, ಅದನ್ನು ಪಿಕಪ್ ವಾಹನಕ್ಕೆ ಏರಿಸಿ ಅಘನಾಶಿನಿ, ಕಾಳಿ ಎಂಬ ಎರಡು ಹೊಳೆಗಳನ್ನು ನೋಡಿ ಬಂದೆವು.

ಕಾಳಿಯ ಮೇಲ್ಭಾಗಕ್ಕೆ, ಅಂದರೆ ಸೂಪಾ ಮತ್ತು ದಾಂಡೇಲಿಯ ಕಡೆಗೆ, ಹೋಗುವ ಯೋಚನೆಯನ್ನು ಆರಂಭದಲ್ಲೇ ಬಿಟ್ಟಿದ್ದೆವು. ಅಲ್ಲಿ ಹುಲಿ ಸಂರಕ್ಷಿತ ಪ್ರದೇಶದ ನಿಯಮಗಳಿವೆ, ದಾಂಡೇಲಿಯ ಸುತ್ತ ಹೊಳೆಯಲ್ಲಿ ಮೊಸಳೆಗಳಿವೆ. ಜಲಾಶಯಗಳಲ್ಲಿ ಗಾಳ ಹಾಕಲು ಮೀನುಗಾರಿಕೆ ಇಲಾಖೆಯ ಪರವಾನಗಿಯೂ ಬೇಕಾಗುತ್ತದೆ. ಯಾವ ನೀರಿಗೆ ದೋಣಿ ಇಳಿಸುವುದಾದರೂ ಇಲಾಖೆಯ ಸ್ಥಳೀಯ ಕಚೇರಿಯಲ್ಲಿ ಒಮ್ಮೆ, ಆ ದಡದ ಮೀನುಗಾರರಲ್ಲಿ ಇನ್ನೊಮ್ಮೆ ಕೇಳಿಕೊಳ್ಳುವುದು ನಮ್ಮ ಪದ್ಧತಿ. ಎರಡನೆಯ ವಿಚಾರಣೆಯಿಂದ ಪರವಾನಗಿಗಿಂತ ಹೆಚ್ಚಿನದೂ ಸಿಗುತ್ತದೆ.

ಮೊದಲ ದಿನ: ದೇವಿಮನೆ ಘಟ್ಟ, ಉಪ್ಪಿನಪಟ್ಟಣ

ಬೆಳಗಿನ ಆರು ಗಂಟೆಗೆ ಶಿರಸಿ ಬಿಟ್ಟಾಗ ದೋಣಿಯ ಅಂಚುಗಳ ಮೇಲೆ ಇಬ್ಬನಿ ಕೂತಿತ್ತು. ದೋಣಿಯನ್ನು ತಳ ಕೆಳಗೆ ಬರುವಂತೆ ಕೂರಿಸಿ, ಮೂತಿಗೆ ಒಂದು, ನಡುವಿಗೆ ಎರಡು, ಹಿಂಬದಿಗೆ ಒಂದು ಎಂದು ನಾಲ್ಕು ನೈಲಾನ್ ಹಗ್ಗ ಬಿಗಿದಿದ್ದೆವು. ನೈಲಾನ್ ಹಗ್ಗವು ಒದ್ದೆಯಾದರೆ ಹಿಗ್ಗುತ್ತದೆ ಎಂಬುದು ಗೊತ್ತಿದ್ದುದರಿಂದ ರಾಗಿಹೊಸಳ್ಳಿಯಲ್ಲಿ ಚಹಾಕ್ಕೆ ನಿಂತಾಗ ಇಳಿದು ನೋಡಿದೆವು. ಮಂಜಿನ ತೇವಕ್ಕೆ ನಡುವಿನ ಎರಡೂ ಹಗ್ಗಗಳು ಎರಡು ಬೆರಳು ತೂರುವಷ್ಟು ಸಡಿಲವಾಗಿದ್ದವು. ಮತ್ತೆ ಬಿಗಿದು ಘಟ್ಟ ಇಳಿಯತೊಡಗಿದೆವು. ದೇವಿಮನೆಯ ತಿರುವುಗಳಲ್ಲಿ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಎದುರಿನ ಲಾರಿಯ ದೀಪಗಳು ಹತ್ತಿರ ಬಂದ ಮೇಲೆಯೇ ಕಾಣುತ್ತಿದ್ದವು. ಕೆಳಗಿಳಿದಂತೆ ಚಳಿ ಕಳಚಿ, ಅಡಿಕೆ ತೋಟದ ವಾಸನೆ ಹೋಗಿ, ಒಣಗುತ್ತಿರುವ ಹುಲ್ಲಿನ ವಾಸನೆ ಬಂತು.

ಹೆದ್ದಾರಿ ಬಿಟ್ಟು ಉಪ್ಪಿನಪಟ್ಟಣದ ದಾರಿ ಹಿಡಿದು ಹೊಳೆಯ ದಡ ಸೇರುವಾಗ ಹತ್ತು ಗಂಟೆ ದಾಟಿತ್ತು. ಸಮುದ್ರದ ಉಬ್ಬರವು ಹೊಳೆಯೊಳಗೆ ಹರಿದು ಬರುವ ಸೀಮೆಯಿದು. ಇದಕ್ಕೂ ಕೆಳಗೆ, ಮಿರ್ಜಾನ ಮತ್ತು ತದಡಿಯ ಕಡೆಗೆ ಹೋದಂತೆ, ಹೊಳೆ ಅಳಿವೆಯಾಗಿ ಹರಡಿ, ಬಳಚು ಎನ್ನುವ ಚಿಪ್ಪುಮೀನು ಆಯುವವರ, ಗಜನಿ ಎನ್ನುವ ಉಪ್ಪುನೀರಿನ ತಗ್ಗುಗದ್ದೆಯಲ್ಲಿ ಕಗ್ಗ ಭತ್ತ ಬೆಳೆಯುವವರ ಊರುಗಳು ಬರುತ್ತವೆ. 2024ರ ಆರಂಭದಲ್ಲಿ ಆ ಅಳಿವೆಯನ್ನು ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೆ ಸೇರಿಸಿದರು. ಅಘನಾಶಿನಿಗೆ ಎಲ್ಲಿಯೂ ದೊಡ್ಡ ಅಣೆಕಟ್ಟು ಇಲ್ಲದಿರುವುದರಿಂದ ಇಲ್ಲಿ ನೀರಿನ ಏರಿಳಿತಕ್ಕೆ ಕಾರಣ ಎರಡೇ: ಮಳೆ ಮತ್ತು ಚಂದ್ರ. ಡಿಸೆಂಬರಿನಲ್ಲಿ ಮಳೆಯಿಲ್ಲವಾದ್ದರಿಂದ ಚಂದ್ರನೊಬ್ಬನನ್ನು ನೋಡಿಕೊಂಡರೆ ಸಾಕು.

ದೋಣಿಯನ್ನು ಇಳಿಸಿ ಹುಲ್ಲಿನ ಮೇಲೆ ಬೋರಲಿಟ್ಟಾಗ ಮೊದಲು ನೋಡಿದ್ದು ಭಾವನೇ. ಬೆನ್ನೆಲುಬಿನ ಪಕ್ಕ, ಮೂತಿಯಿಂದ ಮೂರು ಅಡಿ ಹಿಂದೆ, ಒಂದು ಗೇಣು ಉದ್ದದ ಗೀರು. ಪಿಕಪ್ಪಿನ ಕಬ್ಬಿಣದ ಅಂಚು ಘಟ್ಟದುದ್ದಕ್ಕೂ ಉಜ್ಜಿ ಮೇಲಿನ ಬಣ್ಣದ ಪದರ ಹೋಗಿತ್ತು. ಹಗ್ಗದ ಬಗ್ಗೆ ಅಷ್ಟು ಕಾಳಜಿ ವಹಿಸಿದ ನಾವು ಅಂಚಿಗೆ ಒಂದು ಹಳೆಯ ಟ್ಯೂಬಿನ ತುಂಡು ಸುತ್ತಿರಲಿಲ್ಲ. ಗೀರು ಮೇಲಿನ ಪದರಕ್ಕೆ ಮಾತ್ರವೋ ಒಳಗಿನ ನಾರಿನವರೆಗೂ ಇಳಿದಿದೆಯೋ ತಿಳಿಯದೆ ನಾವು ಬಗ್ಗಿ ನೋಡುತ್ತಿರುವಾಗ, ಪಕ್ಕದಲ್ಲಿ ತಮ್ಮ ಪಾತಿ ದೋಣಿಯ ನೆರಳಿನಲ್ಲಿ ಕುಳಿತು ಬಲೆ ಹೊಲಿಯುತ್ತಿದ್ದ ಅಜ್ಜನೊಬ್ಬರು ಎದ್ದು ಬಂದರು.

"ಹೊರಗಿಂದ ನೋಡಿರೆ ಕಾಣೂದಿಲ್ಲ ತಮಾ. ಮಗುಚಿ, ಒಳಗೆ ನೀರು ಹೊಯ್ಯಿ" ಎಂದರು.

ಎರಡು ಕಲ್ಲುಗಳ ಮೇಲೆ ದೋಣಿಯನ್ನು ಸರಿಯಾಗಿ ಕೂರಿಸಿ, ಒಳಗೆ ನಾಲ್ಕು ಕೊಡ ನೀರು ಸುರಿದು, ಹೊರಮೈಯನ್ನು ಒಣಬಟ್ಟೆಯಲ್ಲಿ ಒರೆಸಿ ಕಾದೆವು. ಅಜ್ಜ ದೋಣಿಯ ಕೆಳಗೆ ಮಲಗಿ, ಅಂಗೈಯನ್ನು ಗೀರಿನ ಮೇಲೆ ಇಟ್ಟುಕೊಂಡಿದ್ದರು. ಐದು ನಿಮಿಷದ ಮೇಲೆ ಕೈ ತೆಗೆದು ತೋರಿಸಿದರು. ಗೀರಿನ ಒಂದು ತುದಿಯಲ್ಲಿ ಸಾಸಿವೆ ಕಾಳಿನಷ್ಟು ಒಂದು ಹನಿ ಮೂಡಿ, ಅಲ್ಲೇ ನಡುಗುತ್ತ ನಿಂತಿತು. ಅದು ಬಿದ್ದ ಬಳಿಕ ಇನ್ನೊಂದು ಮೂಡಿತು. ದೋಣಿ ನೀರಿನಲ್ಲಿದ್ದಾಗ ಒಳಗೆ ಬರುವ ನೀರಿನ ದಾರಿ ಹುಡುಕುವುದು ಕಷ್ಟ, ಅದು ಎಲ್ಲಿಂದಲೋ ಬಂದು ಇನ್ನೆಲ್ಲೋ ಕೂಡುತ್ತದೆ. ದಡದ ಮೇಲೆ ಒಳಗಿನಿಂದ ಹೊರಕ್ಕೆ ಹೋಗುವ ನೀರು ಮಾತ್ರ ಸುಳ್ಳು ಹೇಳುವುದಿಲ್ಲ. ಮೂರು ವರ್ಷ ದೋಣಿ ಇಟ್ಟುಕೊಂಡೂ ನಮಗೆ ಈ ಪರೀಕ್ಷೆ ಗೊತ್ತಿರಲಿಲ್ಲ.

ದುರಸ್ತಿಯ ಸಾಮಾನು ನಮ್ಮಲ್ಲಿತ್ತು. ನೀರು ಚೆಲ್ಲಿ, ಬಿಸಿಲಿಗೆ ಬೋರಲಿಟ್ಟು ಮೂರು ಗಂಟೆಯವರೆಗೆ ಒಣಗಲು ಬಿಟ್ಟೆವು, ಏಕೆಂದರೆ ತೇವವಿರುವ ಫೈಬರಿಗೆ ರೆಸಿನ್, ಅಂದರೆ ತೇಪೆ ಹಾಕುವ ಅಂಟುದ್ರವ, ಕಚ್ಚುವುದೇ ಇಲ್ಲ; ಕಚ್ಚಿದಂತೆ ಕಂಡರೂ ಮೊದಲ ಬಿಸಿಲಿಗೆ ಸಿಪ್ಪೆಯಂತೆ ಏಳುತ್ತದೆ. ಅನಂತರ ಗೀರಿನ ಸುತ್ತ ನಾಲ್ಕು ಬೆರಳು ಅಗಲಕ್ಕೆ ಒರಟು ಮರಳು ಕಾಗದದಲ್ಲಿ ಉಜ್ಜಿ, ಅಸಿಟೋನಿನಲ್ಲಿ ಒರೆಸಿ, ಗಾಜಿನ ನಾರಿನ ಮ್ಯಾಟನ್ನು ಒಂದಕ್ಕಿಂತ ಒಂದು ದೊಡ್ಡದಾಗಿ ಮೂರು ತುಂಡು ಹರಿದುಕೊಂಡೆವು. ಕತ್ತರಿಯಲ್ಲಿ ಕತ್ತರಿಸಿದ ಅಂಚಿಗಿಂತ ಕೈಯಲ್ಲಿ ಹರಿದ ಅಂಚು ಮೈಗೆ ಚೆನ್ನಾಗಿ ಕೂರುತ್ತದೆ. 100 ಗ್ರಾಂ ರೆಸಿನ್ನಿಗೆ ಅದನ್ನು ಗಟ್ಟಿ ಮಾಡುವ ಹಾರ್ಡನರ್ 2 ಮಿ.ಲೀ. ಹಾಕಿದೆವು. ಬೇಗ ಗಟ್ಟಿಯಾಗಲಿ ಎಂದು ಹೆಚ್ಚು ಸುರಿದರೆ ಡಬ್ಬಿಯಲ್ಲೇ ಕಾದು ಹೊಗೆಯೇಳುತ್ತದೆ. ಅಂಗಡಿಯಲ್ಲಿ ರೆಸಿನ್ ಕೊಳ್ಳುವಾಗ ಕೆಲವೊಮ್ಮೆ ಗಟ್ಟಿಯಾಗುವುದನ್ನು ಚುರುಕುಗೊಳಿಸುವ ಆಕ್ಸಿಲರೇಟರನ್ನು ಬೇರೆ ಸೀಸೆಯಲ್ಲಿ ಕೊಡುತ್ತಾರೆ. ಅದನ್ನೂ ಹಾರ್ಡನರನ್ನೂ ಎಂದಿಗೂ ನೇರವಾಗಿ ಬೆರೆಸಬಾರದು, ಸಿಡಿಯುವ ಅಪಾಯವಿದೆ. ಒಂದನ್ನು ರೆಸಿನ್ನಿಗೆ ಪೂರ್ತಿ ಕಲಸಿದ ಮೇಲೆಯೇ ಇನ್ನೊಂದನ್ನು ಹಾಕಬೇಕು. ಕುಂಚದಲ್ಲಿ ಎಳೆಯದೆ, ತುದಿಯಿಂದ ಕುಟ್ಟಿ ಕುಟ್ಟಿ ಗಾಳಿಯ ಗುಳ್ಳೆಗಳನ್ನು ಹೊರಹಾಕಿದೆವು. ಬಿಳಿಯಾಗಿದ್ದ ಮ್ಯಾಟು ರೆಸಿನ್ ಕುಡಿದು ಪಾರದರ್ಶಕವಾದರೆ ಸರಿಯಾಯಿತೆಂದು ಅರ್ಥ. ಬಿಳಿಯ ಚುಕ್ಕೆ ಉಳಿದ ಕಡೆ ಗಾಳಿ ಉಳಿದಿರುತ್ತದೆ.

ಅದು ಗಟ್ಟಿಯಾಗುವವರೆಗೆ ಅಜ್ಜನ ದೋಣಿಯನ್ನು ನೋಡುತ್ತ ಕುಳಿತೆವು. ಅವರದು ಮರದ್ದು, ಹೊರಮೈ ಎಣ್ಣೆ ಕುಡಿದು ಕಪ್ಪಾಗಿತ್ತು. ಸಂದುಗಳಿಗೆ ಹತ್ತಿಯ ಎಳೆ ತುಂಬಿ, ಸಾಲುಧೂಪದ ರಾಳವನ್ನು ಎಣ್ಣೆಯಲ್ಲಿ ಕಾಯಿಸಿ ಮೆತ್ತುತ್ತಿದ್ದರಂತೆ. ಮೈಗೆ ವರ್ಷಕ್ಕೆರಡು ಸಲ ಗೇರುಬೀಜದ ಸಿಪ್ಪೆಯ ಎಣ್ಣೆ, ಅದು ಸಿಗದಿದ್ದರೆ ಮೀನೆಣ್ಣೆ. ಗೇರು ಎಣ್ಣೆ ಕೈ ಸುಡುತ್ತದೆ, ಆದ್ದರಿಂದ ಹಚ್ಚುವ ಮೊದಲು ಕೈಗೆ ತೆಂಗಿನೆಣ್ಣೆ ಸವರಿಕೊಳ್ಳಬೇಕೆಂದು ಹೇಳಿ, ತಮ್ಮ ಬೆರಳುಗಳ ಹಳೆಯ ಕಲೆಗಳನ್ನು ತೋರಿಸಿದರು. ಸಿಹಿನೀರಿನ ದೋಣಿಗೆ ಇಷ್ಟೆಲ್ಲ ಬೇಕೇ ಎಂದು ನಾನು ಕೇಳಿದೆ.

"ಸಿಹಿನೀರು ಸಾದಾ ಅಂತ ತಿಳ್ಕಬೇಡ. ಉಪ್ಪುನೀರು ಮೊಳೆ ತಿಂತದೆ, ಮಳೆನೀರು ಮರ ತಿಂತದೆ. ನನ್ನ ದೋಣಿ ಹಾಳಾದದ್ದೆಲ್ಲ ದಡದಲ್ಲೇ."

ಅವರು ಚಾಕುವಿನ ತುದಿಯನ್ನು ಕೂರುವ ಹಲಗೆಯ ಅಡಿಭಾಗಕ್ಕೆ ಮೆಲ್ಲಗೆ ಒತ್ತಿದರು. ಇತರೆಡೆ ಠಣ್ಣೆಂದ ಮರವು ಅಲ್ಲಿ ಕಾಲಿಂಚು ಒಳಗೆ ಬಿಟ್ಟುಕೊಂಡಿತು. ಮಳೆಗಾಲದಲ್ಲಿ ಹೊದಿಸಿದ ತಾಡಪತ್ರಿಯ ತೂತಿನಿಂದ ನೀರು ಹನಿಯುತ್ತಿದ್ದ ಜಾಗವಂತೆ. ಉಪ್ಪು ಹೀರಿದ ಮರಕ್ಕೆ ಶಿಲೀಂಧ್ರ ಸುಲಭಕ್ಕೆ ಹಿಡಿಯುವುದಿಲ್ಲ. ಗಾಳಿಯಾಡದ ಮೂಲೆಯಲ್ಲಿ ನಿಂತ ಸಿಹಿನೀರಿಗೆ ಹಿಡಿಯುತ್ತದೆ. ಇದಕ್ಕೆ ಪ್ರತಿಯಾಗಿ, ಅಳಿವೆಯ ಉಪ್ಪುನೀರಿನಲ್ಲಿ ಮರ ಕೊರೆಯುವ ಹುಳುಗಳಿರುತ್ತವೆ, ಅವು ಸಿಹಿನೀರಿನಲ್ಲಿ ಬದುಕುವುದಿಲ್ಲ. ಆದ್ದರಿಂದ ಕೆಳಗಿನ ಊರಿನವರು ಹಿಂದೆ ಆಗಾಗ ದೋಣಿಗಳನ್ನು ಮೇಲಕ್ಕೆ ತಂದು ಕೆಲವು ದಿನ ಇಲ್ಲೇ ಕಟ್ಟಿಡುತ್ತಿದ್ದರೆಂದು ಅಜ್ಜ ನೆನಪಿಸಿಕೊಂಡರು. ಒಂದು ನೀರಿನ ರೋಗಕ್ಕೆ ಇನ್ನೊಂದು ನೀರು ಔಷಧ.

ಆ ರಾತ್ರಿ ಅವರ ಮನೆಯ ಜಗುಲಿಯಲ್ಲೇ ಮಲಗಿದೆವು. ಕುಚಲಕ್ಕಿ ಗಂಜಿ, ಬಳಚಿನ ಸುಕ್ಕ, ಸುಟ್ಟ ಒಣಮೆಣಸಿನ ಚಟ್ನಿ. ಹೊರಗೆ ಉಬ್ಬರದ ನೀರು ಕಲ್ಲುಗಳ ನಡುವೆ ಗುಳುಗುಳು ಎನ್ನುತ್ತ ಏರುತ್ತಿತ್ತು.

ಎರಡನೆಯ ದಿನ: ಉಬ್ಬರದ ಬೆನ್ನೇರಿ ಮೇಲಕ್ಕೆ

ತೇಪೆಯನ್ನು ಉಗುರಿನಿಂದ ಗೀಚಿ ನೋಡಿದಾಗ ಗಾಜಿನಂತೆ ಗಟ್ಟಿಯಾಗಿತ್ತು. ಮತ್ತೆ ನೀರು ಹೊಯ್ದು ಪರೀಕ್ಷಿಸಿ, ಹನಿ ಬಾರದಿರುವುದನ್ನು ಖಚಿತಪಡಿಸಿಕೊಂಡು, ಹಿಂಬದಿಯಲ್ಲಿ ನೀರು ಹೊರಬಿಡುವ ತೂತಿಗೆ ಬಿರಡೆ ಹಾಕಿದೆವು. ದೋಣಿ ಇಳಿಸುವ ಗಡಿಬಿಡಿಯಲ್ಲಿ ಈ ಬಿರಡೆ ಮರೆಯುವವರು ಬಹಳ. ನಾವು ಅದನ್ನು ಎಂಜಿನ್ನಿನ ಹಗ್ಗದ ಹಿಡಿಕೆಗೇ ದಾರದಲ್ಲಿ ಕಟ್ಟಿಡುತ್ತೇವೆ. ಎಂಜಿನ್ ಚಾಲೂ ಮಾಡಲು ಕೈ ಹಾಕಿದರೆ ಬಿರಡೆ ಕೈಗೆ ಸಿಗಲೇಬೇಕು.

ಎಂಜಿನ್ ಎರಡನೆಯ ಎಳೆತಕ್ಕೆ ಹತ್ತಿತು. ಆದರೆ ಹಿಂಬದಿಯಿಂದ ಪಿಚಕಾರಿಯಂತೆ ಹೊರಬರಬೇಕಾದ ತಂಪುನೀರಿನ ಎಳೆ ಕಾಣಲಿಲ್ಲ. ಆ ಎಳೆ ಬಾರದಿದ್ದರೆ ಒಳಗೆ ನೀರು ಸುತ್ತುತ್ತಿಲ್ಲವೆಂದು ಅರ್ಥ, ಎರಡು ಮೂರು ನಿಮಿಷದಲ್ಲಿ ಎಂಜಿನ್ ಕಾದು ಹಿಡಿದುಕೊಳ್ಳಬಹುದು. ತಕ್ಷಣ ನಿಲ್ಲಿಸಿದೆವು. ಪಂಪಿನ ರಬ್ಬರ್ ಚಕ್ರ ಹೋಗಿದೆಯೆಂದು ನನ್ನ ಅಂದಾಜು. ಅದನ್ನು ಬದಲಿಸಲು ಎಂಜಿನ್ನಿನ ಕೆಳಭಾಗವನ್ನೇ ಬಿಚ್ಚಬೇಕು. ಭಾವ ಅವಸರಪಡದೆ, ಗಾಳದ ದಪ್ಪ ದಾರದ ಒಂದು ತುಂಡನ್ನು ನೀರು ಹೊರಬರುವ ರಂಧ್ರಕ್ಕೆ ತೂರಿಸಿದ. ಅರ್ಧ ಬೆರಳಿನಷ್ಟು ಹೋಗಿ ನಿಂತಿತು. ತಿರುಗಿಸಿ ತಿರುಗಿಸಿ ಎಳೆದಾಗ ಕೆಂಪು ಮಣ್ಣಿನ ಪುಡಿ, ಅದರ ಜೊತೆಗೆ ಒಣಗಿದ ಒಂದು ಜೇಡದ ಕಾಲು ಹೊರಬಂದವು. ಮಳೆಗಾಲವಿಡೀ ಕೊಟ್ಟಿಗೆಯಲ್ಲಿ ಮಲಗಿದ್ದ ಎಂಜಿನ್ನಿನ ರಂಧ್ರದಲ್ಲಿ ಕಣಜವೊಂದು ಮಣ್ಣಿನ ಗೂಡು ಕಟ್ಟಿ, ಮರಿಗೆ ಆಹಾರವಾಗಿ ಜೇಡವನ್ನು ತುಂಬಿಟ್ಟಿತ್ತು. ತಂತಿ ಹಾಕಿ ಕೆದಕಿದರೆ ಒಳಗಿನ ರಬ್ಬರ್ ನಳಿಕೆ ಹರಿಯುವ ಭಯವಿದೆ, ದಾರದ ತುಂಡು ಒಳ್ಳೆಯದು. ಮುಂದಿನ ಸಲ ಹೇಳುವವನು ಇರಲಿ ಇಲ್ಲದಿರಲಿ, ಎಂಜಿನ್ ಎತ್ತಿಡುವ ದಿನ ಆ ರಂಧ್ರಕ್ಕೆ ಬಟ್ಟೆಯ ತುಂಡೊಂದನ್ನು ಸಿಕ್ಕಿಸಿ, ಅದಕ್ಕೆ ಕೆಂಪು ದಾರ ಕಟ್ಟಿ ಹೊರಗೆ ಬಿಡುವುದೆಂದು ಅಲ್ಲೇ ನಿಶ್ಚಯಿಸಿದೆವು.

ಪೆಟ್ರೋಲಿನ ವಿಷಯದಲ್ಲಿ ಮಾತ್ರ ನಾವು ಎಚ್ಚರವಾಗಿದ್ದೆವು. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇರುತ್ತದೆ, ಅದು ಗಾಳಿಯ ತೇವವನ್ನು ಹೀರುತ್ತದೆ, ತಿಂಗಳುಗಟ್ಟಲೆ ಡಬ್ಬಿಯಲ್ಲಿಟ್ಟರೆ ನೀರು ಬೇರ್ಪಟ್ಟು ತಳಕ್ಕಿಳಿಯುತ್ತದೆ. ಮಲೆನಾಡಿನ ಮಳೆಗಾಲದ ತೇವದಲ್ಲಿ ಕೇಳಬೇಕೇ. ಆದ್ದರಿಂದ ಮಳೆಗಾಲಕ್ಕೆ ಮುಂಚೆ ಕಾರ್ಬುರೇಟರಿನ ಬಟ್ಟಲನ್ನೂ ಖಾಲಿ ಮಾಡಿ ಇಟ್ಟಿದ್ದೆವು. ಹೊರಡುವ ಹಿಂದಿನ ದಿನ ಹೊಸ ಪೆಟ್ರೋಲ್ ತಂದು, ಲೀಟರಿಗೆ 20 ಮಿ.ಲೀ. ಲೆಕ್ಕದಲ್ಲಿ ಎಣ್ಣೆ ಕಲಸಿಕೊಂಡಿದ್ದೆವು.

ಉಬ್ಬರ ಏರುವಾಗಲೇ ಹೊರಟಿದ್ದರಿಂದ ಎಂಜಿನ್ ಅರ್ಧ ಶಕ್ತಿಯಲ್ಲಿಯೇ ನಮ್ಮನ್ನು ಮೇಲಕ್ಕೊಯ್ದಿತು. ಬೆಳಗಿನ ಮಂಜು ನೀರಿನ ಮೇಲೆ ಮೊಳಕಾಲೆತ್ತರಕ್ಕೆ ತೇಲುತ್ತಿತ್ತು. ಎರಡೂ ದಡಗಳಲ್ಲಿ ತೆಂಗು, ಅದರ ಹಿಂದೆ ಅಡಿಕೆ, ಅದರ ಹಿಂದೆ ಕಾಡು. ನಮ್ಮ ಜೊತೆಗೆ ಬಂದು ನನ್ನ ಮುಂದೆ ಕುಳಿತಿದ್ದ ಅಜ್ಜ ಆಗಾಗ ಕೈ ಅದ್ದಿ ಒಂದು ಹನಿ ನಾಲಗೆಗೆ ಹಚ್ಚುತ್ತಿದ್ದರು. ಮೂರನೆಯ ತಿರುವಿನಲ್ಲಿ "ಇಲ್ಲಿಂದ ಸಿಹಿ" ಎಂದರು. ನಾನೂ ನೋಡಿದೆ. ಹಿಂದಿನ ತಿರುವಿನಲ್ಲಿದ್ದ ಸಣ್ಣ ಒಗರು ನಿಜವಾಗಿಯೂ ಹೋಗಿತ್ತು.

ಬಂಡೆಗಳು ಶುರುವಾಗುವ ಮೊದಲಿನ ಆಳದ ಮಡುವಿನಲ್ಲಿ, ದಡದಿಂದ ಇಪ್ಪತ್ತು ಅಡಿ ದೂರಕ್ಕೆ, ಮೂತಿಯಿಂದ ಲಂಗರು ಬಿಟ್ಟು ನಿಂತೆವು. ದೋಣಿಯ ತಳಕ್ಕೆ ಎರಡು ಗೋಣಿಚೀಲ ಹಾಸಿದ್ದೆವು. ಫೈಬರಿನ ಮೇಲೆ ತಂಬಿಗೆ ಜಾರಿದ ಸದ್ದೂ ನೀರಿಗೆ ನಗಾರಿಯಂತೆ ಕೇಳಿಸುತ್ತದೆ, ಮೀನುಗಳಿಗೆ ಮಾತಿಗಿಂತ ಈ ಬಡಿತವೇ ಹೆಚ್ಚು ತಿಳಿಯುತ್ತದೆ. ಡಿಸೆಂಬರಿನ ಹೊಳೆ ತಿಳಿಯಾಗಿರುವುದರಿಂದ ದಪ್ಪ ದಾರ ಕೆಲಸಕ್ಕೆ ಬಾರದು. ಕೂದಲಿಗಿಂತ ತುಸುವೇ ದಪ್ಪದ ದಾರಕ್ಕೆ ಸಣ್ಣ ಗಾಳ, ಅದರ ಮೇಲೆ ಅರ್ಧ ಮೊಳ ಬಿಟ್ಟು ಕಡಲೆಕಾಳಿನಷ್ಟು ಸೀಸದ ತುಂಡು. ಕೆರೆಯಲ್ಲಿ ಶೇಂಗಾ ಹಿಂಡಿಯ ಉಂಡೆಗೆ ರೋಹು ಬರುವ ಅಭ್ಯಾಸದಿಂದ ನಾನು ಅದನ್ನೇ ಹಾಕಿ ಕುಳಿತೆ. ಒಂದು ಗಂಟೆಯವರೆಗೆ ಒಂದು ಕಚ್ಚೂ ಬರಲಿಲ್ಲ. ಅಜ್ಜ ಕೈದಾರಕ್ಕೆ ಎರೆಹುಳ ಸಿಕ್ಕಿಸಿ, ದೋಣಿಯ ನೆರಳು ಬೀಳುವ ಕಡೆಗೆ, ತಳಕ್ಕೆ ಮುಟ್ಟಿಸಿ ಒಂದು ಗೇಣು ಮೇಲೆತ್ತಿ ಹಿಡಿದಿದ್ದರು. ಅವರಿಗೆ ನಾಲ್ಕು ಗಿರ್ಲು ಸಿಕ್ಕಿದವು. ಬೇರು ಇಳಿಬಿದ್ದ ದಡದ ಕೆಳಗೆ ಸಣ್ಣ ಸಿಗಡಿ ಹಾಕಿದ ಭಾವನಿಗೆ ಒಂದು ಕೊರವ ಕಚ್ಚಿತು, ಮುಕ್ಕಾಲು ಕಿಲೊ ಇದ್ದೀತು.

ಹತ್ತು ಗಂಟೆಯ ಬಿಸಿಲಿಗೆ ನೀರು ಬೆಚ್ಚಗಾದ ಮೇಲೆಯೇ ನನ್ನ ದಾರ ಅಲುಗಿದ್ದು. ನಾನೂ ಅಷ್ಟರಲ್ಲಿ ಎರೆಹುಳಕ್ಕೆ ಬದಲಾಗಿದ್ದೆ. ಗಿರ್ಲಿನ ರೆಕ್ಕೆಯ ಮುಳ್ಳು ಚುಚ್ಚಿದರೆ ಸಂಜೆಯವರೆಗೆ ಉರಿ. ಅದನ್ನು ಹೊಟ್ಟೆಯ ಕಡೆಯಿಂದ, ಎರಡು ಮುಳ್ಳುಗಳ ಹಿಂದೆ ಬೆರಳು ಸಿಕ್ಕಿಸಿ ಹಿಡಿಯುವುದನ್ನು ಅಜ್ಜ ಮೂರು ಸಲ ತೋರಿಸಿಕೊಟ್ಟರು. ನಾಲ್ಕನೆಯ ಸಲಕ್ಕೆ ನನಗೂ ಬಂತು. ಅಂಗೈಗಿಂತ ಸಣ್ಣವನ್ನೆಲ್ಲ ಅವರೇ ಬಿಡಿಸಿ ನೀರಿಗೆ ಬಿಟ್ಟರು. ಬಿಡುವ ಮೊದಲು ಕೈ ಒದ್ದೆ ಮಾಡಿಕೊಳ್ಳುತ್ತಿದ್ದುದನ್ನು ಗಮನಿಸಿದೆ. ಒಣ ಕೈಗೆ ಮೀನಿನ ಮೈಯ ಲೋಳೆ ಅಂಟಿ ಹೋಗುತ್ತದೆ, ಆ ಲೋಳೆ ಹೋದ ಮೀನು ಬದುಕುವುದು ಕಷ್ಟ.

ಹೊಳೆಯ ಮೀನಿಗೆ ಕೆಸರಿನ ವಾಸನೆ ಎಂದು ಕರಾವಳಿಯವರು ಮೂಗು ಮುರಿಯುತ್ತಾರೆ. ಅಜ್ಜನ ಸೊಸೆ ಆ ಮೀನಿಗೆ ಕಲ್ಲುಪ್ಪು ಮತ್ತು ಲಿಂಬೆರಸ ತಿಕ್ಕಿ, ಎರಡು ಸಲ ತೊಳೆದು, ತೆಂಗಿನಕಾಯಿ ಅರೆದ ಮಸಾಲೆಗೆ ಮುರುಗಲ ಸಿಪ್ಪೆ ಮತ್ತು ಜಜ್ಜಿದ ಜುಮ್ಮನಕಾಯಿ ಎಂಬ ಕಾಡು ಮಸಾಲೆಕಾಯಿ ಹಾಕಿ ಮಾಡಿದ ಸಾರಿನಲ್ಲಿ ನನಗೆ ಕೆಸರಿನ ಸುಳಿವೂ ಸಿಗಲಿಲ್ಲ. ಊಟವಾದ ಮೇಲೆ ಹೊರಡುವಾಗ ಅವರು ಒಂದು ಪೊಟ್ಟಣ ಜುಮ್ಮನಕಾಯಿಯನ್ನೂ ಕಟ್ಟಿಕೊಟ್ಟರು.

ಮೂರನೆಯ ದಿನ: ಕಾಳಿ, ಕೆರವಡಿ

ಹಿಂದಿನ ಸಂಜೆಯೇ ಕಾರವಾರ ಸೇರಿ ಮಲಗಿದ್ದೆವು. ಬೆಳಿಗ್ಗೆ ಬನ್ಸು, ಭಾಜಿ ತಿಂದು ಕೋಡಿಬಾಗದ ಕಡೆಯಿಂದ ಕಾಳಿಯ ಸೇತುವೆ ನೋಡಿ ಬಂದೆವು. 2024ರ ಆಗಸ್ಟ್ 7ರ ನಡುರಾತ್ರಿ ಹಳೆಯ ಸೇತುವೆ ಕುಸಿದಾಗ ಲಾರಿಯೊಂದಿಗೆ ನೀರಿಗೆ ಬಿದ್ದ ಚಾಲಕನನ್ನು ಉಳಿಸುವುದಕ್ಕೆ ಸ್ಥಳೀಯ ಮೀನುಗಾರರೂ ನೆರವಾಗಿದ್ದರು. ಮಳೆಗಾಲದ ಕಾಳಿಗೆ, ಕತ್ತಲಲ್ಲಿ ದೋಣಿ ಇಳಿಸುವುದೆಂದರೆ ಏನೆಂಬುದು ಆ ಅಗಲವನ್ನು ನೋಡಿದರೆ ಅರ್ಥವಾಗುತ್ತದೆ.

ಕದ್ರಾ ರಸ್ತೆಯಲ್ಲಿ ಒಳಕ್ಕೆ ಹೋಗಿ ಕೆರವಡಿಯ ಬಳಿ ದೋಣಿ ಇಳಿಸಿದೆವು. ಇಲ್ಲಿ ನಮ್ಮ ಜೊತೆಗೆ ಬಂದವರು ಈ ಹೊಳೆಯಲ್ಲೇ ಬೀಸುಬಲೆ ಹಾಕಿ ಬೆಳೆದ ನಡುವಯಸ್ಸಿನ ಮೀನುಗಾರರೊಬ್ಬರು. ಅವರ ಕನ್ನಡದ ನಡುನಡುವೆ ಕೊಂಕಣಿ ಸಹಜವಾಗಿ ಬೆರೆತು ಬರುತ್ತಿತ್ತು. ಅವರು ಮೊದಲು ಕೇಳಿದ್ದು ನಮ್ಮ ಎಂಜಿನ್ನಿಗೆ ಯಾವ ಲೋಹದ ತುಂಡು ಕಟ್ಟಿದೆ ಎಂದು. ಅಲ್ಯೂಮಿನಿಯಂ ಮೈ ತುಕ್ಕಿಗೆ ಬಲಿಯಾಗದಂತೆ ತಾನೇ ಸವೆದುಹೋಗುವ ಅನೋಡ್ ತುಂಡನ್ನು ಎಲ್ಲ ಎಂಜಿನ್ನುಗಳಿಗೂ ಕೂರಿಸಿರುತ್ತಾರೆ. ಜಿಂಕಿನದು ಉಪ್ಪುನೀರಿಗೆ ಸರಿ, ಸಿಹಿನೀರಿನಲ್ಲಿ ಅದರ ಮೇಲೆ ಗಟ್ಟಿ ಪದರ ಕೂತು ಕೆಲಸ ನಿಲ್ಲಿಸುತ್ತದೆ. ಬರೀ ಸಿಹಿನೀರಿಗೆ ಮೆಗ್ನೀಸಿಯಂ, ಎರಡೂ ಬೆರೆಯುವ ಇಂಥ ಹೊಳೆಗೆ ಅಲ್ಯೂಮಿನಿಯಂ. ನಮ್ಮದು ಜಿಂಕಿನದಾಗಿತ್ತು, ಮೇಲಾಗಿ ಹಿಂದಿನ ಮಾಲೀಕರು ಅದರ ಮೇಲೆಯೇ ಬಣ್ಣ ಬಳಿದಿದ್ದರು. ಬಣ್ಣ ಬಳಿದ ಅನೋಡ್ ಇದ್ದೂ ಇಲ್ಲದಂತೆ. ಅವರು ಚಾಕುವಿನಿಂದ ಹೆರೆದುಕೊಟ್ಟರು.

ಕಾಳಿಯ ನೀರಿಗೆ ಇಬ್ಬರು ಒಡೆಯರು. ಕೆಳಗಿನಿಂದ ಕಾರವಾರದವರು ಭರತಿ ಎನ್ನುವ ಉಬ್ಬರ. ಮೇಲಿನಿಂದ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಎಂದು ಸಾಲಾಗಿ ನಿಂತ ಅಣೆಕಟ್ಟುಗಳು. ಉಬ್ಬರದ ಹೊತ್ತನ್ನು ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಲೆಕ್ಕ ಹಾಕಿಕೊಂಡು ಹೋಗಬಹುದು. ಕದ್ರಾದಲ್ಲಿ ವಿದ್ಯುತ್ ತಯಾರಿಸುವಾಗ ಬಿಡುವ ನೀರಿಗೆ ಅಂಥ ಲೆಕ್ಕವಿಲ್ಲ; ಬೇಡಿಕೆ ಬಂದಾಗ ಯಂತ್ರ ತಿರುಗುತ್ತದೆ, ಹೊಳೆ ಏರುತ್ತದೆ. "ದಡದ ಕಲ್ಲಿಗೆ ಕಣ್ಣಿಟ್ಟಿರಿ. ಒಣಗಿದ ಕಲ್ಲು ಒದ್ದೆಯಾದರೆ ಲಂಗರು ಎತ್ತಬೇಕು" ಎಂದು ಅವರು ಹೇಳಿಯೇ ಇದ್ದರು.

ಬೆಳಗಿನ ಹೊತ್ತು ಚೆನ್ನಾಗಿ ಕಳೆಯಿತು. ಅವರು ಕಾಳುಂದರ ಎನ್ನುವ, ಹಸಿರು ಮೈಗೆ ಮುತ್ತಿನ ಚುಕ್ಕೆಗಳ ಚಪ್ಪಟೆ ಮೀನು ಹಿಟ್ಟಿನ ಸಣ್ಣ ಗುಳಿಗೆಗೆ ಒಂದರ ಹಿಂದೆ ಒಂದು ಬಂತು. ಮರದ ಬೊಡ್ಡೆಯೊಂದರ ಪಕ್ಕ ಜೀವಂತ ಸಿಗಡಿ ಹಾಕಿದಾಗ ಸುಮಾರು ಎರಡು ಕಿಲೊದ ಚೊಣಕವೊಂದು ಬಿದ್ದಿತು. ಸಮುದ್ರದಲ್ಲಿ ಹುಟ್ಟಿ, ಸಿಹಿನೀರಿಗೆ ಬಂದು ಬೆಳೆದು, ಮೊಟ್ಟೆಯಿಡಲು ಮತ್ತೆ ಉಪ್ಪಿಗೆ ಇಳಿಯುವ ಮೀನದು.

ಹನ್ನೊಂದರ ಸುಮಾರಿಗೆ ಜೊತೆಗಿದ್ದವರು ತಮ್ಮ ಬಲೆ ನೋಡಲು ಅವರ ದೋಣಿಯಲ್ಲಿ ಹೋದರು. ಆ ಬೊಡ್ಡೆಯ ಕಡೆಗೆ ಮುಖ ಮಾಡಿ ಇಬ್ಬರಿಗೂ ಗಾಳ ಹಾಕಲು ಅನುಕೂಲವಾಗಲೆಂದು ಲಂಗರಿನ ಹಗ್ಗವನ್ನು ಮೂತಿಯಿಂದ ಬಿಚ್ಚಿ, ಎಂಜಿನ್ನಿನ ಪಕ್ಕ ಹಿಂಬದಿಯ ಕಡಿಗೆ, ಅಂದರೆ ಹಗ್ಗ ಕಟ್ಟುವ ಬಳೆಗೆ, ಕಟ್ಟಿದೆವು. ಕೆರೆಯಲ್ಲಿ ಎಷ್ಟೋ ಸಲ ಹಾಗೆ ಮಾಡಿದ್ದೇವೆ. ನಿಂತ ನೀರಿನಲ್ಲಿ ಅದರಿಂದ ಏನೂ ಆಗುವುದಿಲ್ಲ. ಕಲ್ಲು ಒದ್ದೆಯಾದದ್ದನ್ನು ನಾವು ನೋಡಲಿಲ್ಲ. ದೋಣಿಯ ಹಿಂಬದಿ ಕೆಳಕ್ಕೆ ಜಗ್ಗಿದಂತಾಗಿ ತಿರುಗಿದಾಗ ನೀರು ಎಂಜಿನ್ನಿನ ಎರಡೂ ಬದಿ ಸೀಳಿಕೊಂಡು ಹರಿಯುತ್ತಿತ್ತು. ದೋಣಿಯ ಮೂತಿ ನೀರನ್ನು ಸೀಳಲೆಂದು ಚೂಪಾಗಿ, ಎತ್ತರವಾಗಿ ಇರುತ್ತದೆ. ಹಿಂಬದಿ ಚಪ್ಪಟೆ, ತಗ್ಗು, ಮೇಲಿಂದ ಎಂಜಿನ್ನಿನ ಭಾರ. ಸೆಳೆತ ಹೆಚ್ಚಿದಷ್ಟೂ ಲಂಗರಿನ ಹಗ್ಗ ಅದನ್ನು ಕೆಳಕ್ಕೆ ಎಳೆಯುತ್ತದೆ. ಮೊದಲ ನೀರು ಒಳಕ್ಕೆ ಬಂದು ನನ್ನ ಪಾದ ಮುಚ್ಚಿತು.

ಭಾವ ಹಗ್ಗ ಬಿಚ್ಚಲು ನೋಡಿದ. ಬಿಗಿದ ಗಂಟು ಅಲುಗಲಿಲ್ಲ. ಅವನು ಹಿಂದಕ್ಕೆ ಬಾಗಿದಷ್ಟೂ ದೋಣಿ ಇನ್ನೂ ಮುಳುಗುತ್ತಿತ್ತು.

"ಭಾವ, ನೀವು ಮುಂದಕ್ಕೆ ಹೋಗಿ ಕೂತ್ಕಳಿ" ಎಂದು ನಾನು ಕೂಗಿ, ಕೂರುವ ಹಲಗೆಯ ಕೆಳಗೆ ದಾರದಲ್ಲಿ ಕಟ್ಟಿಟ್ಟಿದ್ದ ಚಾಕು ತೆಗೆದು ಹಗ್ಗ ಕೊಯ್ದೆ. ಮೂರು ಎಳೆತಕ್ಕೆ ಹರಿಯಿತು. ದೋಣಿ ಹಿಂಬದಿ ಎತ್ತಿ, ಒಂದು ಸುತ್ತು ತಿರುಗಿ, ಹರಿವಿನೊಂದಿಗೆ ಸಾಗಿತು. ಹುಟ್ಟು ಹಾಕಿ ಮೂತಿಯನ್ನು ನೇರ ಮಾಡಿಕೊಂಡು, ಕೊಡಪಾನದಿಂದ ನೀರು ಮೊಗೆದು, ಅರ್ಧ ಮೈಲು ಕೆಳಗೆ ದಡ ಹಿಡಿದೆವು. ಇಬ್ಬರೂ ಜೀವರಕ್ಷಕ ಜಾಕೆಟ್ ತೊಟ್ಟಿದ್ದೆವು. ಕೆರೆಯಲ್ಲಿ ಅದನ್ನು ಕುಂಡೆಗೆ ಹಾಕಿಕೊಂಡು ಕೂರುವ ಅಭ್ಯಾಸ ಇಬ್ಬರಿಗೂ ಇತ್ತು, ಆ ದಿನ ಬೆಳಿಗ್ಗೆ ಕೆರವಡಿಯವರ ಒತ್ತಾಯಕ್ಕೆ ತೊಟ್ಟದ್ದು.

ಅವರು ದೋಣಿ ತಂದು ನಮ್ಮ ಪಕ್ಕ ನಿಲ್ಲಿಸಿದಾಗ ಬೈಯಲಿಲ್ಲ. ಹರಿದ ಹಗ್ಗದ ತುದಿಯನ್ನು ಕೈಗೆತ್ತಿಕೊಂಡು, ಅದು ಹಿಂಬದಿಯ ಕಡಿಯಲ್ಲಿರುವುದನ್ನು ನೋಡಿ, ಸ್ವಲ್ಪ ಹೊತ್ತು ಸುಮ್ಮನಿದ್ದರು. ಅನಂತರ ತಮ್ಮ ಲಂಗರನ್ನು ತೋರಿಸಿದರು. ಹಗ್ಗವನ್ನು ಲಂಗರಿನ ಮೇಲಿನ ಬಳೆಗೆ ಕಟ್ಟುವುದು ನಮ್ಮ ರೂಢಿ. ಅವರು ಅದನ್ನು ಕೊಕ್ಕೆಗಳು ಕೂಡುವ ಬುಡಕ್ಕೆ ಕಟ್ಟಿ, ಕಂಬಿಯುದ್ದಕ್ಕೂ ಮೇಲೆ ತಂದು, ಬಳೆಗೆ ತೆಳುವಾದ ಸೆಣಬಿನ ದಾರದಲ್ಲಿ ಬರಿದೆ ಎರಡು ಸುತ್ತು ಬಿಗಿದಿದ್ದರು. ಸಾಮಾನ್ಯ ಸೆಳೆತಕ್ಕೆ ಆ ದಾರ ತಡೆಯುತ್ತದೆ. ಕೊಕ್ಕೆ ಬಂಡೆಗೋ ಬೊಡ್ಡೆಗೋ ಸಿಕ್ಕಿಕೊಂಡಾಗ ಜೋರಾಗಿ ಜಗ್ಗಿದರೆ ಅದು ಹರಿದು, ಲಂಗರು ಬುಡದಿಂದ ಹಿಂದುಮುಂದಾಗಿ ಎದ್ದು ಬರುತ್ತದೆ. ಹರಿಯುವ ನೀರಿನಲ್ಲಿ ಹಗ್ಗವನ್ನು ಆಳದ ಐದು ಪಟ್ಟಾದರೂ ಬಿಡಬೇಕೆಂದೂ, ನಮ್ಮ ಹಗ್ಗ ಅದರ ಅರ್ಧವೂ ಇರಲಿಲ್ಲವೆಂದೂ ಅವರು ಹೇಳಿದರು. ನಮ್ಮ ಲಂಗರು ಕಾಳಿಯ ತಳದಲ್ಲೇ ಉಳಿಯಿತು.

ಸಂಜೆ ಅವರ ಅಂಗಳದಲ್ಲಿ ಡ್ರಮ್ಮಿಗೆ ಬಾವಿಯ ನೀರು ತುಂಬಿ, ಎಂಜಿನ್ನಿನ ಕಾಲನ್ನು ಅದರಲ್ಲಿ ಮುಳುಗಿಸಿ ಹತ್ತು ನಿಮಿಷ ಓಡಿಸಿದೆವು. ಒಳಗೆ ಉಳಿದ ಉಪ್ಪು ಒಣಗಿ ಹರಳುಗಟ್ಟುವ ಮೊದಲೇ ಇದನ್ನು ಮಾಡಬೇಕು. ನಾವು ಹಿಡಿದ ಜಾಗದಲ್ಲಿ ನೀರು ಸಿಹಿಯೇ ಇತ್ತಲ್ಲ ಎಂದು ಭಾವ ಕೇಳಿದಾಗ, ಅವರ ಹೆಂಡತಿ ಒಳಗಿನಿಂದಲೇ "ಭರತಿ ಬಂದದ್ದು ಕಣ್ಣಿಗೆ ಕಾಣ್ತದಾ ಅಣ್ಣಾ?" ಎಂದರು. ಚೊಣಕವನ್ನು ರವೆ ಹಚ್ಚಿ ಕಾವಲಿಯಲ್ಲಿ ಕಾಯಿಸಿದ್ದರು, ಜೊತೆಗೆ ಮುರುಗಲಿನ ಸೋಲ್ ಕಡಿ.

ನಾಲ್ಕನೆಯ ದಿನ: ಅಂಕೋಲೆಯ ಮೇಲೆ ಮನೆಗೆ

ಮರಳುವ ದಾರಿಯಲ್ಲಿ ಪಿಕಪ್ಪಿನ ಅಂಚಿಗೆ ಟ್ಯೂಬ್ ಸುತ್ತಿದ್ದೆವು, ದೋಣಿಗೆ ಹೊಸ ಗೀರು ಬೀಳಲಿಲ್ಲ. ಅಂಕೋಲೆಯಲ್ಲಿ ಊಟಕ್ಕೆ ನಿಂತದ್ದು ಬಿಟ್ಟರೆ ಎಲ್ಲಿಯೂ ತಡಮಾಡದೆ ನಾಲ್ಕು ಗಂಟೆಗೆ ಮನೆ ಮುಟ್ಟಿದೆವು.

ಬೆಳಕಿರುವಾಗಲೇ ಎಂಜಿನ್ನಿನ ಫ್ಯಾನ್, ಅಂದರೆ ನೀರು ತಳ್ಳುವ ಪಂಕ, ಬಿಚ್ಚಿ ನೋಡಿದೆವು. ನಿರೀಕ್ಷಿಸಿದಂತೆಯೇ ಅದರ ಹಿಂದೆ, ಶಾಫ್ಟಿಗೆ, ಮೂರು ಸುತ್ತು ಗಾಳದ ದಾರ ಬಿಗಿಯಾಗಿ ಸುತ್ತಿಕೊಂಡಿತ್ತು. ಅದು ತಿರುಗುತ್ತ ಎಣ್ಣೆಯ ಸೀಲನ್ನು ಗರಗಸದಂತೆ ಕೊಯ್ಯುತ್ತದೆ. ಕೆಳಗಿನ ಸ್ಕ್ರೂ ಸಡಿಲಿಸಿ ಗೇರ್ ಎಣ್ಣೆಯ ನಾಲ್ಕು ಹನಿಗಳನ್ನು ಬಿಳಿ ಬಟ್ಟಲಿಗೆ ಬಿಟ್ಟೆವು. ಜೇನುಬಣ್ಣವಿರಬೇಕಾದದ್ದು ಹಾಲು ಕಲಸಿದ ಚಹಾದಂತೆ ಬಂತು. ಸೀಲು ಹೋಗಿ ಒಳಗೆ ನೀರು ಸೇರಿದೆ. ಎಣ್ಣೆ ಪೂರ್ತಿ ಇಳಿಸಿ, ಹಳೆಯ ಸೀಲನ್ನು ಅಳತೆಗೆಂದು ಕಾಗದದಲ್ಲಿ ಸುತ್ತಿಟ್ಟೆ.

ದೋಣಿಯನ್ನು ಒಳಹೊರಗೆ ತೊಳೆದು, ಬಿರಡೆ ತೆಗೆದು, ಮೂತಿಯ ಕಡೆ ಸ್ವಲ್ಪ ಎತ್ತರವಾಗುವಂತೆ ಕೊಟ್ಟಿಗೆಯಲ್ಲಿ ಬೋರಲು ಹಾಕಿದೆವು, ಎಲ್ಲಿಯೂ ಒಂದು ಬಟ್ಟಲು ನೀರೂ ನಿಲ್ಲದಿರಲಿ ಎಂದು. ನೆಲಕ್ಕೂ ಅಂಚಿಗೂ ನಡುವೆ ಗಾಳಿಯಾಡಲು ಎರಡು ಅಡಿಕೆ ದಬ್ಬೆಗಳನ್ನು ಇಟ್ಟೆವು. ಎಂಜಿನ್ನಿನ ರಂಧ್ರಕ್ಕೆ ಬಟ್ಟೆ ಸಿಕ್ಕಿಸಿ ಕೆಂಪು ದಾರ ಬಿಟ್ಟಾಯಿತು. ಮರುದಿನ ಬೆಳಿಗ್ಗೆ ಭಾವ ಕಮ್ಮಾರರ ಸಾಲಿಗೆ ಹೋಗಿ ಆರು ಕಿಲೊದ ಹೊಸ ಲಂಗರಿಗೆ ಹೇಳಿ ಬಂದ. ಬುಡದಲ್ಲಿ ಹಗ್ಗ ಕಟ್ಟಲು ಒಂದು ಬಳೆಯನ್ನು ಹೆಚ್ಚಿಗೆ ಬೆಸೆಯಬೇಕೆಂದು ಅವರಿಗೆ ಕಾಗದದ ಮೇಲೆ ಬರೆದು ತೋರಿಸಿದನಂತೆ.